ನೀರಿಗಿಳಿಯುವ ಮೊದಲಿನ ಒಂದು ಪ್ರಶ್ನೆ

ಮೊನ್ನೆ ನಾನು ಕಲಿಸುವ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆಂದು ಹಳೆಯ ಕಪಾಟು ತೆಗೆಸಿದೆ. ಬಿಳಿ ಬಟ್ಟೆಗಳ ಗಂಟು ಬಿಚ್ಚಿದ್ದೇ ತಡ, ಡಾಂಬರು ಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಹುಡುಗಿಯರು ಮೂಗು ಮುಚ್ಚಿಕೊಂಡು ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಅದು ನರ್ಸಬಾಯಿಯ ಟ್ರಂಕಿನ ವಾಸನೆ.

ನಮ್ಮ ಕ್ರೈಸ್ತ ಸಭೆಯವರೆಲ್ಲ ಅವರನ್ನು ನರ್ಸಬಾಯಿ ಎಂದೇ ಕರೆಯುತ್ತಿದ್ದರು. ಆಸ್ಪತ್ರೆಯ ನೌಕರಿ ಮುಗಿಸಿ ಬೀದರಿನಲ್ಲಿ ನಮ್ಮ ಗುಡಿಯ ಹಿಂದಿನ ಓಣಿಯಲ್ಲಿ ಒಬ್ಬರೇ ಇದ್ದರು. ದೀಕ್ಷಾಸ್ನಾನಕ್ಕೆ ತಯಾರಾಗುವ ಹೆಣ್ಣುಮಕ್ಕಳಿಗೆ ಪಾಠ ಹೇಳುವುದು ಅವರ ಕೆಲಸ. ನೀರಿಗಿಳಿಯುವಾಗ ತೊಡುವ ಬಿಳಿ ನಿಲುವಂಗಿಗಳನ್ನು ಒಗೆದು, ಇಸ್ತ್ರಿ ಮಾಡಿ, ಡಾಂಬರು ಗುಳಿಗೆ ಹಾಕಿ ಟ್ರಂಕಿನಲ್ಲಿ ಇಡುತ್ತಿದ್ದವರೂ ಅವರೇ. ಆ ಟ್ರಂಕಿನ ಕೀಲಿ ಅವರ ಸೊಂಟದಲ್ಲಿತ್ತು. ಅವರು ಹೂಂ ಎನ್ನುವತನಕ ಯಾರಿಗೂ ನಿಲುವಂಗಿ ಸಿಗುತ್ತಿರಲಿಲ್ಲ.

ನಮ್ಮ ಸಭೆಯಲ್ಲಿ ಕೂಸುಗಳಿಗೆ ದೀಕ್ಷಾಸ್ನಾನ ಕೊಡುವ ಪದ್ಧತಿ ಇಲ್ಲ. ದೊಡ್ಡವರಾಗಿ, ತಾವಾಗಿಯೇ ಕೇಳಿ, ಅರ್ಥ ತಿಳಿದು ತಗೊಳ್ಳಬೇಕು. ಅಲ್ಲಿಯವರೆಗೆ ಪ್ರಭುಭೋಜನದ ರೊಟ್ಟಿಯ ತಟ್ಟೆ ನಮ್ಮ ಮುಂದಿನಿಂದ ಹಾಗೇ ದಾಟಿ ಹೋಗುತ್ತದೆ. ನನ್ನ ಅವ್ವನಿಗೆ ಒಂದೇ ಆಸೆಯಿತ್ತು, ಸಣ್ಣ ಮಗಳು ನೀರಿನಿಂದ ಎದ್ದು ಬರುವುದನ್ನು ನೋಡಬೇಕು ಅಂತ. ನೋಡಲಿಲ್ಲ. ನಾನು ಪಾಠಕ್ಕೆ ಸೇರಿದಾಗ ಅವ್ವ ಹೋಗಿ ಎರಡು ವರ್ಷವಾಗಿತ್ತು. ಅದಕ್ಕೇ ನನಗೆ ಅಷ್ಟು ಅವಸರ... ನೋಡುವವಳು ಇಲ್ಲದಿದ್ದರೂ ಅವಳ ಆಸೆಯನ್ನಾದರೂ ತೀರಿಸಬೇಕಿತ್ತು.

ಪಾಠ ನಡೆಯುತ್ತಿದ್ದದ್ದು ಅವರ ಮನೆಯ ಪಡಸಾಲೆಯಲ್ಲಿ. ನೀರಿನಲ್ಲಿ ಮುಳುಗುವುದು ಎಂದರೆ ಹಳೆಯ ಬಾಳನ್ನು ಹೂಳುವುದು, ಏಳುವುದು ಎಂದರೆ ಕ್ರಿಸ್ತನ ಜೊತೆ ಹೊಸದಾಗಿ ಏಳುವುದು ಎಂದು ವಿವರಿಸುತ್ತಿದ್ದರು. ವಚನಗಳನ್ನು ನಾನು ಎಲ್ಲರಿಗಿಂತ ಮೊದಲು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದೆ. ಆಮೇಲೆ ಮಂಚದ ಮೇಲೆ ಕೂಡಿಸಿ, ಪಾದ್ರಿ ಅಯ್ಯನವರು ನೀರಿನಲ್ಲಿ ಮುಳುಗಿಸುವ ಹಾಗೆ ಬೆನ್ನಿಗೆ ಕೈಕೊಟ್ಟು ಹಿಂದಕ್ಕೆ ಬೀಳಿಸಿ ಅಭ್ಯಾಸ ಮಾಡಿಸುತ್ತಿದ್ದರು. "ಒದ್ಯಾಡಬ್ಯಾಡ್ರೆವ್ವಾ, ಅಯ್ಯನೋರಿಗಿ ಒದ್ದೀರಿ! ಮೈ ಸಡ್ಲ ಬಿಡ್ರಿ," ಎಂದು ಗದರುವರು. ನಾವು ಐವರೂ ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದೆವು.

ಕೊನೆಯ ದಿನ ಒಬ್ಬೊಬ್ಬರನ್ನೇ ಒಳಗೆ ಕರೆದರು. ಆಪರೇಶನ್ನಿಗೆ ಮುಂಚೆ ರೋಗಿಯನ್ನು ಕೇಳುವ ಹಾಗೆ, ನೋಟಬುಕ್ ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದರು. ಹೆಸರು, ಊರು, ಯಾಕೆ ತಗೊಳ್ಳುತ್ತೀ. ಆಮೇಲೆ ಕಡೆಯದಾಗಿ, ತಲೆ ಎತ್ತದೆ, "ಯಾರ ಜೋಡಿ ಮಾತು ಬಿಟ್ಟೀದಿ?"

ನಾನು ಖರೆ ಹೇಳಿದೆ. "ಅಕ್ಕನ ಜೋಡಿ ರಿ. ಎಕಂಬಾದಾಗ ಇರ್ತಾಳ."

ಅವರು ನೋಟಬುಕ್ ಮುಚ್ಚಿಬಿಟ್ಟರು. "ಹೋಗಿ ಮಾತಾಡಿ ಬಾ. ಆಮ್ಯಾಲ ನೀರಿನ ಮಾತು."

ನನ್ನ ಮೈಯೆಲ್ಲ ಉರಿಯಿತು. ತಪ್ಪು ಮಾಡಿದವಳು ಅಕ್ಕ! ಅವ್ವ ಕಡೆಯ ದಿನಗಳಲ್ಲಿ ಔರಾದ ತಾಲೂಕಿನ ಎಕಂಬಾದಲ್ಲಿ, ಅಕ್ಕನ ಮನೆಯಲ್ಲಿದ್ದಳು. ನಾನು ಬೀದರಿನ ಹಾಸ್ಟೆಲಿನಲ್ಲಿ ಓದುತ್ತಿದ್ದೆ. ಹಾಸ್ಟೆಲಿಗೆ ಫೋನಿತ್ತು, ನಂಬರು ಅಕ್ಕನ ಹತ್ತಿರ ಇತ್ತು. ಅವ್ವ ನಾಲ್ಕು ದಿನ ಹಾಸಿಗೆ ಹಿಡಿದು ಮಲಗಿದ್ದರೂ ಆಕೆ ನನಗೆ ತಿಳಿಸಲಿಲ್ಲ. ಸುದ್ದಿ ಬಂದು ನಾನು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಮುಖ ಸಹ ಸಿಗಲಿಲ್ಲ. ಅಂದಿನಿಂದ ಅಕ್ಕನ ಜೊತೆ ಮಾತು ಬಿಟ್ಟಿದ್ದೆ. ಇದನ್ನೆಲ್ಲ ಅತ್ತು ಹೇಳಿದೆ. ನರ್ಸಬಾಯಿ ಪೂರ್ತಿ ಕೇಳಿದರು, ಒಂದು ಲೋಟ ನೀರು ಕೊಟ್ಟರು. ನಿಲುವಂಗಿ ಕೊಡಲಿಲ್ಲ.

ಅಯ್ಯನವರ ಹತ್ತಿರ ಹೋಗಿ ದೂರಿದೆ. ಇಂಥ ನಿಯಮ ಸಭೆಯ ಯಾವ ಪುಸ್ತಕದಲ್ಲಿದೆ ಎಂದು ಕೇಳಿದೆ. ಅವರು ನಕ್ಕು, "ಬಾಯಿ ಹೂಂ ಅಂದ್ರ ನಂದೂ ಹೂಂ," ಎಂದು ಕೈತೊಳೆದುಕೊಂಡರು.

ಆ ಸಲ ಕಮಠಾಣದ ಹತ್ತಿರ, ಸಭೆಯವರೊಬ್ಬರ ಹೊಲದ ನೀರಿನ ಹೌದಿನಲ್ಲಿ ದೀಕ್ಷಾಸ್ನಾನ ನಡೆಯಿತು. ಉಳಿದ ನಾಲ್ವರೂ ಬಿಳಿ ಉಟ್ಟು ಒಬ್ಬೊಬ್ಬರಾಗಿ ಇಳಿದರು. ನಾನು ದಂಡೆಯ ಮೇಲೆ ಅವರ ಟವೆಲು, ಒಣ ಬಟ್ಟೆ ಹಿಡಿದು ನಿಂತಿದ್ದೆ. ವಚನ ನೆಟ್ಟಗೆ ಬಾರದವಳೂ ಮುಳುಗಿ ಎದ್ದಳು! ಎಲ್ಲ ಬಾಯಿಪಾಠ ಬರುವ ನಾನು ಟವೆಲು ಹಿಡಿಯಬೇಕು. ಅಂದು ನರ್ಸಬಾಯಿಯ ಮುಖವನ್ನೂ ನೋಡದೆ ಟಂಟಂ ಆಟೋ ಹತ್ತಿ ಬಂದೆ.

ಈಸ್ಟರಿಗೆ ಮುಂಚೆ ಇನ್ನೊಂದು ತಂಡ ತಯಾರಾಯಿತು. ಈ ಸಲ ತಪ್ಪಿಸಿಕೊಳ್ಳಬಾರದೆಂದು ಹಲ್ಲು ಕಚ್ಚಿ ಔರಾದದ ಬಸ್ಸು ಹತ್ತಿದೆ. ಅಲ್ಲಿಂದ ಎಕಂಬಾ. ಓಣಿಯ ತಿರುವಿನಲ್ಲಿ ನಿಂತರೆ ಅಕ್ಕನ ಅಂಗಳ ಕಾಣುತ್ತಿತ್ತು. ಆಕೆ ಪಕ್ಕದ ಮನೆಯವಳ ಜೊತೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ಏನೋ ಮಾತಿಗೆ ಜೋರಾಗಿ ನಕ್ಕಳು. ಆ ನಗು ಕೇಳಿದ್ದೇ ನನ್ನ ಕಾಲುಗಳು ನಿಂತುಬಿಟ್ಟವು. ಅವ್ವನನ್ನು ನನಗೆ ತೋರಿಸದೆ ಮಣ್ಣು ಮಾಡಿದವಳು ಹೀಗೆ ಆರಾಮಾಗಿ ನಗುತ್ತಾಳೆ... ಅಂತ ಎನಿಸಿತು. ಬಂದ ದಾರಿಯಲ್ಲೇ ತಿರುಗಿ ಬಸ್ಸಿಗೆ ಹೋದೆ.

ಮರುದಿನ ನರ್ಸಬಾಯಿಯ ಮುಂದೆ ಕೂತು, "ಹೋಗಿ ಮಾತಾಡಿ ಬಂದೇನಿ ರಿ," ಎಂದೆ.

"ಏನಂದಳು?"

"ಅತ್ತಳು ರಿ. ಚಹಾ ಮಾಡಿ ಕೊಟ್ಟಳು."

ಚಹಾದ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ. ಅವರು ನೋಟಬುಕ್ಕಿನಲ್ಲಿ ಏನೋ ಬರೆದುಕೊಂಡರು. ಆಮೇಲೆ ಸೊಂಟದ ಕೀಲಿ ತೆಗೆದು ಟ್ರಂಕು ತೆರೆದು ನಿಲುವಂಗಿ ಕೈಗಿತ್ತರು. ಅಷ್ಟು ಸಲೀಸಾಗಿ! ಜ್ವರ ಇಲ್ಲ ಎಂದರೆ ಥರ್ಮಾಮೀಟರ್ ಇಟ್ಟು ನೋಡುವ ಹೆಂಗಸು ನನ್ನ ಸುಳ್ಳನ್ನು ಮಾತ್ರ ಹಾಗೇ ನಂಬಿದರು.

ಅದೇ ಹೊಲದ ಹೌದು, ಅದೇ ಹಾಡು. ನರ್ಸಬಾಯಿ ಎದೆಮಟ್ಟ ನೀರಿನಲ್ಲಿ ನನ್ನ ಪಕ್ಕ ನಿಂತಿದ್ದರು. ಅಯ್ಯನವರು ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಎಂದಾಗ ಹಿಂದಕ್ಕೆ ಬಿದ್ದೆ. ಮೂಗಿಗೆ ನೀರು ಹೋಗಿ ಕೆಮ್ಮುತ್ತ ಎದ್ದೆ. ದಂಡೆಯ ಮೇಲೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಥಂಡಿ ಬಿಟ್ಟರೆ ಬೇರೆ ಏನೂ ಅನಿಸಲಿಲ್ಲ. ಮುಂದಿನ ಭಾನುವಾರ ರೊಟ್ಟಿಯ ತಟ್ಟೆ ನನ್ನ ಮುಂದೆ ನಿಂತಿತು. ತಗೊಂಡೆ. ತಲೆ ತಗ್ಗಿಸಿ ಅವಸರದಲ್ಲಿ ನುಂಗಿದೆ.

ಆಮೇಲೆ ಬೀದರಿನಲ್ಲೇ ಶಾಲೆಯ ನೌಕರಿ ಸಿಕ್ಕಿತು, ಮದುವೆಯಾಯಿತು, ಮಕ್ಕಳಾದರು. ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ನರ್ಸಬಾಯಿ ಗುಡಿಯ ಮೆಟ್ಟಿಲ ಮೇಲೆ ನನ್ನನ್ನು ಹಿಡಿದು ಕೇಳುವರು, "ಅಕ್ಕ ಹ್ಯಾಂಗಿದ್ದಾಳ?"

"ಆರಾಮ ಇದ್ದಾಳ ರಿ."

ಅಷ್ಟೇ. ಬೇರೆ ಯಾವ ಮಾತೂ ಇಲ್ಲ. ಹತ್ತೊಂಬತ್ತು ವರ್ಷ! ತಲೆ ಚಿಟ್ಟು ಹಿಡಿಯುತ್ತಿತ್ತು. ಈ ಮುದುಕಿಗೆ ಬೇರೆ ಪ್ರಶ್ನೆಯೇ ಗೊತ್ತಿಲ್ಲವೇ ಎಂದು ಮನಸ್ಸಿನಲ್ಲೇ ಬೈಯುತ್ತಿದ್ದೆ. ಕೆಲವು ಸಲ ಪಕ್ಕದ ಬಾಗಿಲಿನಿಂದ ಸರಸರ ಹೊರಟುಬಿಡುತ್ತಿದ್ದೆ. ಬಾಯಿಬಿಟ್ಟು ಹೇಳಿಬಿಡೋಣ ಎಂದು ಎಷ್ಟೋ ಸಲ ಅನಿಸಿತು. ವರ್ಷ ಹೋದ ಹಾಗೆ ಸುಳ್ಳಿಗೆ ಇನ್ನಷ್ಟು ಸುಳ್ಳು ಸೇರಿ, ಬಿಡಿಸಲು ತುದಿಯೇ ಸಿಗದಂತಾಯಿತು.

ಹೋದ ವರ್ಷ ನರ್ಸಬಾಯಿ ತೀರಿಕೊಂಡರು. ಸ್ಮಶಾನದಲ್ಲಿ ಹೆಂಗಸರ ಗುಂಪಿನಲ್ಲಿ ಒಬ್ಬಳು ಎಲ್ಲರಿಗಿಂತ ಹೆಚ್ಚು ಅಳುತ್ತಿದ್ದಳು. ತಲೆಯ ಮೇಲಿನ ಸೆರಗು ಸರಿದಾಗ ನೋಡಿದರೆ ನನ್ನ ಅಕ್ಕ. ಕೂದಲೆಲ್ಲ ಬೆಳ್ಳಗಾಗಿತ್ತು.

ಅವಳೇ ನನ್ನ ಹತ್ತಿರ ಬಂದಳು. "ನೀ ಅವತ್ತ ಓಣಿ ತನಕಾ ಬಂದು ತಿರುಗಿ ಹೋಗಿದ್ದು ನೋಡೀನಿ," ಎಂದಳು. "ನಾನೂ ಕರೀಲಿಲ್ಲ. ಸೊಕ್ಕು ನನಗೂ ಇತ್ತು."

ನರ್ಸಬಾಯಿ ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ನನ್ನ ದೀಕ್ಷಾಸ್ನಾನವಾದ ಮುಂದಿನ ವಾರವೇ ನರ್ಸಬಾಯಿ ಕೇಕಿನ ಪೊಟ್ಟಣ ಹಿಡಿದು ಎಕಂಬಾಕ್ಕೆ ಹೋಗಿದ್ದರಂತೆ, ತಂಗಿಯ ಸಂತೋಷದಲ್ಲಿ ಅಕ್ಕನಿಗೂ ಪಾಲಿರಲಿ ಎಂದು. ನಾನು ಮಾತಾಡಿಲ್ಲ, ಚಹಾ ಕುಡಿದಿಲ್ಲ ಎಂಬುದು ಅಂದೇ ಅವರಿಗೆ ತಿಳಿಯಿತು. ಆಮೇಲೆ ವರ್ಷಕ್ಕೆ ಮೂರು ನಾಲ್ಕು ಸಲ ಅಕ್ಕನ ಮನೆಗೆ ಹೋಗಿ ಬರುತ್ತಿದ್ದರು.

"ನಾನೇ ಫೋನ್ ಮಾಡ್ತೇನಿ ರಿ ಅಂದ್ರ ಬ್ಯಾಡ ಅಂದ್ರು," ಎಂದಳು ಅಕ್ಕ. "ಆಕಿ ತಾನಾಗಿ ಬಂದು ಹೇಳ್ತಾಳ, ಕಾಯೋಣು ಅಂದ್ರು. ಪ್ರತಿ ಸಲಾ ಇದೇ ಮಾತು."

ಅವ್ವನ ವಿಷಯವನ್ನೂ ಅಲ್ಲೇ ಕೇಳಿದೆ. ಅಕ್ಕ ಬಿಕ್ಕಿದಳು. "ನಾಳಿ ಆರಾಮ ಆಗ್ತಾಳ, ನಾಳಿ ಆರಾಮ ಆಗ್ತಾಳ ಅಂತ ಮಾಡಿದ್ನೆವ್ವಾ. ನಿನ್ನ ಪರೀಕ್ಷಾ ಇದ್ದವು. ನನಗೇನು ಗೊತ್ತಿತ್ತು..." ಇಷ್ಟೇ. ಇಷ್ಟು ಕೇಳಲು ನನಗೆ ಇಪ್ಪತ್ತೆರಡು ವರ್ಷ ಬೇಕಾಯಿತು.

ಅಂದಿನಿಂದ ನರ್ಸಬಾಯಿಯ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಸುಳ್ಳು ಹೇಳಿದವಳು ನಾನು, ಒಪ್ಪುತ್ತೇನೆ. ಆದರೆ ಗೊತ್ತಿದ್ದೂ ಯಾಕೆ ಸುಮ್ಮನಿದ್ದರು? ಒಂದು ಸಲ ಕಪಾಳಕ್ಕೆ ಬಾರಿಸಿದ್ದರೆ ಸಾಕಿತ್ತು. ಬಸ್ಸಿಗೆ ಕರೆದುಕೊಂಡು ಹೋಗಿ ಅಕ್ಕನ ಮುಂದೆ ನಿಲ್ಲಿಸಿದ್ದರೆ ಸಾಕಿತ್ತು. ಮೆಟ್ಟಿಲ ಮೇಲೆ ನಿಂತು ಅದೊಂದೇ ಪ್ರಶ್ನೆ ಕೇಳುತ್ತ, ನಾನು ಖರೆ ಹೇಳುವ ದಿನಕ್ಕಾಗಿ ಕಾದರಲ್ಲ, ಅವರ ಹಟಕ್ಕೆ ಏನು ಹೇಳಬೇಕು! ಸಿಟ್ಟು ಮಾಡಿಕೊಳ್ಳುತ್ತ ಮಾಡಿಕೊಳ್ಳುತ್ತ ಅಳು ಬರುತ್ತದೆ. ಅವರ ಹತ್ತಿರ ಹೋಗಿ ಜಗಳವಾಡಬೇಕು ಎನಿಸುತ್ತದೆ. ಆ ಮನೆಯಲ್ಲಿ ಈಗ ಬೇರೆ ಯಾರೋ ಬಾಡಿಗೆಗಿದ್ದಾರೆ.

ನಿನ್ನೆ ಭಾನುವಾರ. ಆರಾಧನೆ ಮುಗಿದ ಮೇಲೆ ಮುಂದಿನ ಬಾಗಿಲಿನಿಂದಲೇ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೆ. ಜನ ಮಾತಾಡುತ್ತ ಇಳಿದು ಹೋದರು. ಯಾರೂ ಏನೂ ಕೇಳಲಿಲ್ಲ.

ಅಕ್ಕ ಆರಾಮ ಇಲ್ಲರಿ, ಬಾಯಿ. ಮೊಣಕಾಲು ಭಾಳ ನೋಯ್ಲತ್ತಾವಂತ. ಮುಂಜಾನೆ ನನಗೇ ಫೋನ್ ಮಾಡಿ ಹೇಳಿದಳು.