ಆಂಬ್ರೋಸಜ್ಜ ಸೇದಿದ ಗೌರವ

ಅಮೆರಿಕದ ಮಿನೆಸೋಟದ ಬಡಗಣ ತುದಿಯಲ್ಲಿ, ಮೂಲನಿವಾಸಿಗಳಾದ ನಮ್ಮ ಓಜಿಬ್ವೆ ಜನರ ಹಟ್ಟಿಯಲ್ಲಿ ಕೂಸಿಗೆ ಹೆಸರು ಬೇಕೆಂದರೆ ಆಂಬ್ರೋಸಜ್ಜನ ಬಳಿಗೇ ಹೋಗಬೇಕಿತ್ತು. ಹೆಸರು ಕೂಗಬಲ್ಲವರು ಬೇರೆ ಯಾರೂ ಉಳಿದಿರಲಿಲ್ಲ. ಬರಿಗೈಯಲ್ಲಿ ಹೋಗುವಂತಿಲ್ಲ. ಹೊಗೆಸೊಪ್ಪು ಮುಂದೆ ಹಿಡಿಯಬೇಕು. ಅವನು ತೆಗೆದುಕೊಂಡನೋ, ಮಾತು ಕೊಟ್ಟ ಹಾಗೆ.

ಹಿಂದೆ ಅದು ಹಿತ್ತಲಲ್ಲಿ ಬೆಳೆದ ಸೊಪ್ಪು. ಪ್ರಾರ್ಥನೆ ಹೇಳಿ ನೀರಿಗೆ ಬಿಡುವುದು, ಬೆಂಕಿಗೆ ಹಾಕುವುದು. ಆಮೇಲಾಮೇಲೆ ಜನ ಪೆಟ್ರೋಲ್ ಬಂಕಿನ ಸಿಗರೇಟು ಪೊಟ್ಟಣ ತರತೊಡಗಿದರು. ತಳ್ಳಿದರೆ ತಂದವರಿಗೆ ಅವಮಾನ, ಬಿಸಾಡಿದರೆ ಪಾಪ. ಅಜ್ಜ ಏನು ಮಾಡಿಯಾನು? ಸೇದಿದ. ನಲವತ್ತು ವರ್ಷ ಊರು ಕೊಟ್ಟ ಗೌರವವನ್ನೆಲ್ಲ ಸೇದಿ ಸೇದಿ ಪುಪ್ಪುಸ ಇದ್ದಿಲಾಯಿತು. ಮೂಗಿಗೆ ಆಮ್ಲಜನಕದ ನಳಿಗೆ ಬಂತು.

ಮಗಳು ಹುಟ್ಟಿದ ಏಪ್ರಿಲ್‌ನಲ್ಲಿ ನಾನೂ ಪೊಟ್ಟಣ ಹಿಡಿದೇ ಹೋದೆ. ಅಜ್ಜ ಕೈ ಚಾಚಲಿಲ್ಲ. ಎಂದೂ ಹಾಗೆ ಮಾಡಿದವನಲ್ಲ.

"ಯಾಕಜ್ಜಾ, ನನ್ ಕೂಸು ಬೇಡ್ವಾ?"

"ಕೂಸು ಬೇಕು ಕಣೇ ಡೆಲ್ಫೀನ್. ಪೊಟ್ಟಣ ಸಾಕು." ದಿಂಬಿನಡಿಯಿಂದ ಚಿಟಿಕೆ ಬೀಜ ತೆಗೆದ. ಉಸಿರು ತಾಕಿದರೆ ಹಾರುವಷ್ಟು ಸಣ್ಣವು. "ನಮ್ಮಜ್ಜಿ ಸೊಪ್ಪಿಂದು. ಬೆಳ್ಕೊಂಡ್ ಬಾ."

"ಇದು ಎಲೆ ಆಗೋದು ಸೆಪ್ಟೆಂಬರಿಗೆ! ಅಷ್ಟ್ರೊಳಗೆ ನೀನು..."

"ಸತ್ತೋದ್ರೆ? ಹೇಳ್ಬಿಡು, ಬಾಯಲ್ಲೇನು ಮೀನಿನ ಮುಳ್ಳಾ?"

ಹೆಸರಿಲ್ಲದ ಕೂಸನ್ನು ಹಿರಿಯರ ಆತ್ಮಗಳು ಗುರುತಿಸುವುದಿಲ್ಲ. ಅಜ್ಜ ಹೋದರೆ ನನ್ನ ಮಗಳ ಹೆಸರೂ ಅವನ ಜೊತೆಗೇ ಹೋಗುತ್ತಿತ್ತು. ಸಿಟ್ಟಿನಲ್ಲೇ ಬಿತ್ತಿದೆ. ಜೂನ್‌ನಲ್ಲೂ ಬಿದ್ದ ಹೆಪ್ಪುಮಂಜು ಸುಟ್ಟು, ಹನ್ನೊಂದು ಸಸಿಗಳಲ್ಲಿ ನಾಲ್ಕು ಉಳಿದವು.

ಆಗಸ್ಟ್ ಕೊನೆಗೆ, ಕೆರೆಯಲ್ಲಿ ಕಾಡುಭತ್ತ ಮಾಗುವ ಹೊತ್ತಿಗೆ ಅಜ್ಜ ಹಾಸಿಗೆ ಹಿಡಿದ. ಎಲೆ ಇನ್ನೂ ಒಣಗಿರಲಿಲ್ಲ. ಹಾಗೇ ಕೆಂಪು ಬಟ್ಟೆಯಲ್ಲಿ ಸುತ್ತಿಕೊಂಡು ಓಡಿದೆ.

"ಹಸಿ ಇದೆಯಲ್ಲೇ."

"ನೀನೂ ಪೂರ್ತಿ ಒಣಗಿಲ್ವಲ್ಲಜ್ಜಾ."

ನಕ್ಕ. ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ. ಆಮೇಲೆ ಎರಡೂ ಕೈಯಲ್ಲಿ ತೆಗೆದುಕೊಂಡ. ಮೂಸಿದ. ಹೊತ್ತಿಸಲಿಲ್ಲ.

ಹಟ್ಟಿಯವರೆಲ್ಲ ಸೇರಿ ಅವನನ್ನು ಕುರ್ಚಿಯಲ್ಲಿ ಕೂರಿಸಿ ಕೆರೆಯ ದಂಡೆಗೆ ಒಯ್ದೆವು. ಒಂದು ಎಲೆಯನ್ನು ನೀರಿಗೆ ಬಿಟ್ಟ. ಕೂಸನ್ನು ಮಡಿಲಲ್ಲಿಟ್ಟುಕೊಂಡು ಮೂಡಣಕ್ಕೆ ತಿರುಗಿ ಹೆಸರು ಕೂಗಿದ. ಹಿಂದೆಯೇ ನಾವೆಲ್ಲ ಕೂಗಿದೆವು. ತೆಂಕಣಕ್ಕೆ. ಪಡುವಣಕ್ಕೆ. ಒಂದೊಂದು ದಿಕ್ಕಿಗೂ ಅವನು ಉಸಿರು ಕೂಡಿಸಿಕೊಳ್ಳುವವರೆಗೆ ಕಾದೆವು. ಬಡಗಣಕ್ಕೆ ತಿರುಗಿದಾಗ ತುಟಿ ಮಾತ್ರ ಅಲುಗಿತು. ಹೆಸರು ಅಷ್ಟರಲ್ಲಿ ನಮ್ಮ ಬಾಯಿಗೆ ಬಂದಿತ್ತು. ನಾವೇ ಕೂಗಿದೆವು.

ಮೊದಲ ಹಿಮ ಬಿದ್ದ ವಾರ ಅಜ್ಜ ಹೋದ. ಯಾರೋ ಮರ್ಯಾದೆಯಿಂದಲೇ ಶವಪೆಟ್ಟಿಗೆಯೊಳಗೆ ಸಿಗರೇಟು ಪೊಟ್ಟಣ ಇಡಲು ಬಂದರು. ಅವರ ಕೈ ಹಿಡಿದು ನಿಲ್ಲಿಸಿ, ನನ್ನ ಹಿತ್ತಲಿನ ಎಲೆಯನ್ನು ಅವನ ಅಂಗೈಯಲ್ಲಿಟ್ಟೆ. ಅಷ್ಟರಲ್ಲಿ ಅದು ಚೆನ್ನಾಗಿ ಒಣಗಿತ್ತು.