ಗಾಳಿಯಾಡದ ಕೋಣೆ

1944ರ ಚಳಿಗಾಲದಲ್ಲಿ ನಾನು ಲಿಂಗಸುಗೂರಿನ ಸರಕಾರಿ ದವಾಖಾನೆಯಲ್ಲಿ ಮಿಡ್‌ವೈಫ್ ಆಗಿದ್ದೆ. ಹೈದರಾಬಾದಿನಲ್ಲಿ ತರಬೇತಿ ಮುಗಿಸಿ ಬಂದು ಎರಡು ವರ್ಷವಾಗಿತ್ತು. ಆಗ ನಿಜಾಮರ ಆಡಳಿತ. ಹಳ್ಳಿಗಳಿಂದ ಕರೆ ಬಂದರೆ ಎತ್ತಿನ ಗಾಡಿಯೇ ಗತಿ. ಮಸ್ಕಿಗೆ ಮುಂಜಾನೆ ಹೊರಟರೆ ಸಂಜೆಗೆ ಮುಟ್ಟುತ್ತಿದ್ದೆವು. ಜನ ನನ್ನನ್ನು ‘ಬಾಯಾರ’ ಎಂದು ಕರೆಯುತ್ತಿದ್ದರು.

ಡಿಸೆಂಬರಿನಲ್ಲಿ ಆ ಊರಿಂದ ಮೌಲಾಸಾಬ ಎಂಬವನು ಗಾಡಿ ತಂದ. ಪಿಂಜಾರರವನು, ಹತ್ತಿ ಹಿಂಜಿ ಗಾದಿ, ದಿಂಬು ತುಂಬುವುದು ಅವನ ಕಸುಬು. ಹೆಂಡತಿ ಖಾಸಿಂಬಿಗೆ ಏಳನೆಯ ತಿಂಗಳಲ್ಲೇ ನೋವು ಕಾಣಿಸಿಕೊಂಡಿತ್ತು. ನಾವು ತಲುಪುವಷ್ಟರಲ್ಲಿ ಹೆರಿಗೆಯಾಗಿಹೋಗಿತ್ತು. ಹೆಣ್ಣು ಕೂಸು. ಬಟ್ಟೆಯ ಜೋಳಿಗೆಯಲ್ಲಿಟ್ಟು ತೂಗಿದೆ: ಮೂರು ಪೌಂಡಿಗೆ ತುಸು ಹೆಚ್ಚು. ಮೊದಲಿನ ಎರಡು ಬಸಿರು ನಿಂತಿರಲಿಲ್ಲವೆಂದು ಅತ್ತೆ ಹುಸೇನಬಿ ಹೇಳಿದಳು.

ಇಂಥ ಕೂಸುಗಳಿಗೆ ಮೈಯ ಕಾವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಇರುವುದಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಅದಕ್ಕೆ ಇನ್‌ಕ್ಯುಬೇಟರ್ ಎಂಬ ಬೆಚ್ಚಗಿನ ಪೆಟ್ಟಿಗೆ ಇರುತ್ತದೆಂದು ಕೇಳಿದ್ದೆ, ಕಂಡಿರಲಿಲ್ಲ. ಹೊರಗೆ ಮೂಡಗಾಳಿ ಬೀಸುತ್ತಿತ್ತು. ಆ ಗಾಳಿಯಲ್ಲಿ ಕೂಸನ್ನು ಗಾಡಿಯಲ್ಲಿ ಸಾಗಿಸುವಂತಿರಲಿಲ್ಲ. ಊರಿನ ಮಾಸ್ತರರ ಮನೆಯಲ್ಲಿ ಉಳಿದುಕೊಂಡೆ. ಮರುದಿನ ಬೆಳಿಗ್ಗೆ ಮೌಲಾಸಾಬನಿಗೆ ಹೇಳಿದೆ: “ಕೂಸಿಗೆ ಒಂದು ಎಳಿ ಗಾಳಿ ಸೋಕಬಾರ್ದು. ಅಷ್ಟು ಮಾಡು, ಉಳಿದದ್ದು ನಾ ನೋಡ್ತೀನಿ.”

“ಅದು ನನ್ನ ಕೆಲಸಾರೀ,” ಎಂದ.

ಮನೆ ಕಲ್ಲು-ಮಣ್ಣಿನದು, ಮೇಲೆ ಮಾಳಿಗೆ. ಗೋಡೆಯ ಕಲ್ಲುಗಳ ನಡುವೆ ಸಂದು, ಬಾಗಿಲ ಹಲಗೆಗಳಲ್ಲಿ ಬಿರುಕು, ಸೂರಿನಲ್ಲಿ ಒಂದು ಬೆಳಕಿಂಡಿ. ಬಾಗಿಲು ಹಾಕಿ ಕತ್ತಲು ಮಾಡಿ, ನಾನು ಚಿಮಣಿ ದೀಪ ಹಿಡಿದು ಗೋಡೆಯುದ್ದಕ್ಕೂ ನಡೆದೆ. ಉರಿ ವಾಲಿದ ಕಡೆಯಲ್ಲೆಲ್ಲ ಅವನು ಹಿಂಜಿದ ಹತ್ತಿಯನ್ನು ಬೆರಳಿನಿಂದ ಒತ್ತಿ ತುಂಬಿ, ಮೇಲೆ ಸಗಣಿ ಬೆರೆಸಿದ ಮಣ್ಣು ಸವರಿದ. ಬಾಗಿಲಿಗೆ ಒಳಗಡೆಯಿಂದ ಹತ್ತಿ ತುಂಬಿದ ದಪ್ಪ ಪರದೆ ಹೊಲಿದು ಹಾಕಿದ. ಬೆಳಕಿಂಡಿಗೆ ಗಾದಿಯ ತುಂಡು ತುರುಕಿದ. ಮಧ್ಯಾಹ್ನದ ಹೊತ್ತಿಗೆ ಚಿಮಣಿಯ ಉರಿ ಎಲ್ಲಿಯೂ ಅಲುಗಲಿಲ್ಲ. ನನಗೆ ಹೆಮ್ಮೆಯಾಯಿತು. ಸರಕಾರಿ ಬಂಗಲೆಯಲ್ಲಿಯೂ ಅಂಥ ಕೆಲಸ ಕಂಡಿರಲಿಲ್ಲ.

ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಡುವುದು ಎಲ್ಲ ಮನೆಗಳ ರೂಢಿ. ಹೊಗೆಯಿಂದ ಕೂಸಿನ ಎದೆ ಕೆಡುತ್ತದೆಂದು ನಮಗೆ ಕಲಿಸಿದ್ದರು. ಹಾಗಾಗಿ ಹುಸೇನಬಿಗೆ, “ಇದ್ದಿಲು ಹೊರಗ ಹೊತ್ತಿಸಿ, ಹೊಗಿ ಪೂರಾ ಆರಿದ ಮ್ಯಾಲ ಒಳಗ ತಗೊಂಡು ಬಾ ದೊಡ್ಡವ್ವ,” ಎಂದೆ. ಅವಳು ಹಾಗೆಯೇ ಮಾಡಿದಳು.

ಮರುದಿನ ಹೋದಾಗ ಕೂಸು ಬತ್ತಿಯಿಂದ ಹಿಂಡಿದ ಹಾಲನ್ನು ಐದಾರು ಹನಿ ನುಂಗಿತು. ಪಾದ ಮಾತ್ರ ಇನ್ನೂ ತಣ್ಣಗಿತ್ತು. ಖಾಸಿಂಬಿಗೆ ವಾಂತಿಯಾಗಿತ್ತು.

“ತಲಿ ಸಿಡ್ಯಾಕತ್ತೈತ್ರಿ ಬಾಯಾರ,” ಎಂದಳು.

“ನನಗೂ ಹಂಗ ಆಗೈತಿ. ಥಂಡಿ ಹತ್ತೈತಿ,” ಎಂದಳು ಅತ್ತೆ.

ಬಾಣಂತಿಯ ಮೈ ಮುಟ್ಟಿ ನೋಡಿದೆ, ಜ್ವರವಿರಲಿಲ್ಲ. ಜ್ವರವಿಲ್ಲದೆ ಇಬ್ಬರಿಗೂ ಒಂದೇ ಬಗೆಯ ತಲೆನೋವು ಏಕೆ ಬಂತು ಎಂದು ನಾನು ಅಲ್ಲಿಯೇ ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಥಂಡಿಯೆಂದೇ ನಂಬಿ ಇನ್ನಷ್ಟು ಕೆಂಡ ಇಡಲು ಹೇಳಿದೆ. ಪರದೆ ಸರಿದು ಬಾಗಿಲ ಕೆಳಗೆ ಒಂದು ಬೆರಳಿನಷ್ಟು ಸಂದು ಬಿದ್ದಿತ್ತು. ಅದನ್ನೂ ಮೌಲಾಸಾಬನಿಗೆ ತೋರಿಸಿ ಮುಚ್ಚಿಸಿದೆ.

ಮೂರನೆಯ ದಿನ ಬಿಸಿಲು ಮೂಡುವ ಹೊತ್ತಿಗೆ ಅವನು ಮಾಸ್ತರರ ಮನೆಗೆ ಓಡಿ ಬಂದ. ತಾನು ಪಡಸಾಲೆಯಲ್ಲಿ ಮಲಗಿದ್ದೆ, ಅವ್ವ ಬಾಗಿಲು ತೆರೆದು ಹೊಸ್ತಿಲ ಮೇಲೆ ಬಿದ್ದಳು, ಹೊರಗೆ ಎಳೆದು ಹಾಕಿ, ಕೂಸಿಗೆ ಗಾಳಿ ಬಡಿಯದಂತೆ ಬಾಗಿಲು ಮತ್ತೆ ಮುಚ್ಚಿ ಬಂದೆ ಎಂದ. ನಾನು ಹೋಗಿ ನೋಡುತ್ತೇನೆ: ಹುಸೇನಬಿ ಅಂಗಳದಲ್ಲಿ ಕಣ್ಣು ಬಿಡುತ್ತಿದ್ದಳು. ಒಳಗೆ ಖಾಸಿಂಬಿ ಎಷ್ಟು ಅಲುಗಿಸಿದರೂ ಏಳಲಿಲ್ಲ. ಮಗ್ಗುಲಲ್ಲಿ ಕೂಸು ಮೆತ್ತಗಾಗಿ ಬಿದ್ದಿತ್ತು. ನಾನು ಪರದೆ ಕಿತ್ತು ಬಾಗಿಲನ್ನು ಪೂರ್ತಿ ತೆರೆದೆ.

ಮೌಲಾಸಾಬ ನನ್ನ ಕೈ ಹಿಡಿದ. “ಬಾಗಲಾ ತೆಗೀಬ್ಯಾಡ್ರಿ ಬಾಯಾರ. ಕೂಸಿಗೆ ಗಾಳಿ ಬಡೀತೈತಿ.”

ಇಬ್ಬರೂ ಸೇರಿ ಖಾಸಿಂಬಿಯನ್ನು ಅಂಗಳಕ್ಕೆ ಎತ್ತಿ ತಂದೆವು. ಕೂಸಿನ ಬಾಯಿಗೆ ಬಾಯಿಟ್ಟು ಊದಿದೆ. ಬೆನ್ನು ಉಜ್ಜಿದೆ. ನನ್ನ ಚೀಲದಲ್ಲಿದ್ದ ಔಷಧಗಳಲ್ಲಿ ಒಂದೂ ಇದಕ್ಕೆ ಸಂಬಂಧಿಸಿದ್ದಾಗಿರಲಿಲ್ಲ. ಬಿಸಿಲೇರಿದಾಗ ತಾಯಿ ನರಳಿ ಕಣ್ಣು ತೆರೆದಳು. ಕೂಸು ತೆರೆಯಲಿಲ್ಲ. ನಾನು ಹೆದರಿದ್ದ ಅದೇ ಮೂಡಗಾಳಿಯಲ್ಲಿ ಇಬ್ಬರು ಹೆಂಗಸರು ಚೇತರಿಸಿಕೊಂಡದ್ದನ್ನು ಕಂಡಾಗ, ಏನೋ ದೊಡ್ಡ ತಪ್ಪಾಗಿದೆಯೆಂದು ಅರಿವಾಯಿತು.

ಕೂಸಿನ ದಫನ್ ಮುಗಿಸಿ ಬಂದ ಮೌಲಾಸಾಬ ಕೋಣೆಯ ಗೋಡೆಗಳ ಮೇಲೆ ಅಂಗೈ ಆಡಿಸುತ್ತ ನಡೆಯುತ್ತಿದ್ದ.

“ಎಲ್ಲೋ ಒಂದು ಸಂದಿ ಬಿಟ್ಟೀನ್ರಿ. ಅಲ್ಲಿಂದ ಗಾಳಿ ಹೊಕ್ಕೈತಿ.”

“ನೀ ಏನೂ ಬಿಟ್ಟಿಲ್ಲ. ನಾ ಹೇಳಿದ್ದ ತಪ್ಪಾಗೈತಿ,” ಎಂದೆ.

“ನೀವು ಹೇಳಿದ್ದು ಖರೇನ ಐತ್ರಿ. ನನ್ನ ಕೈಯಾಗ ಕಸರು ಉಳೀತು,” ಎಂದು ಮತ್ತೆ ಗೋಡೆಗೆ ತಿರುಗಿದ.

ಲಿಂಗಸುಗೂರಿಗೆ ಮರಳಿ ಡಾಕ್ಟರರಿಗೆ ಎಲ್ಲವನ್ನೂ ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ. ಇದ್ದಿಲ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಬರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊಗೆ ಆರಿದರೂ ಅದು ನಿಲ್ಲುವುದಿಲ್ಲ ಎಂದು ವಿವರಿಸಿದರು. ಹೊರಗೆ ಹೋಗಲು ದಾರಿಯಿಲ್ಲದ ಕೋಣೆಯಲ್ಲಿ ಅದು ತುಂಬಿಕೊಳ್ಳುತ್ತ ಹೋಗುತ್ತದೆ.

ಮುಂದಿನ ವಾರ ಮಸ್ಕಿಗೆ ಹೋಗಿ ಮೌಲಾಸಾಬನಿಗೆ ಇದನ್ನೆಲ್ಲ ತಿಳಿಸಿದೆ. ಅವನು ಕೆಲಸ ನಿಲ್ಲಿಸಿ ಕೂತು ಕೇಳಿದ. ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟು ಕೇಳಿದ: “ಹಂಗಾದ್ರ ಸಂದಿ ಬಿಟ್ಟಿದ್ರ ಕೂಸು ಉಳೀತಿತ್ತೇನ್ರಿ?”

ಸಂದು ಬಿಟ್ಟಿದ್ದರೆ ಥಂಡಿಯೇ ಅದನ್ನು ಒಯ್ಯುತ್ತಿತ್ತೇನೋ. ಮೂರು ಪೌಂಡಿನ ಕೂಸು.

“ಗೊತ್ತಿಲ್ಲ,” ಎಂದೆ.

ಆ ಮೇಲೆ ನಿವೃತ್ತಿಯಾಗುವ ತನಕ, ಕೆಂಡವಿಟ್ಟ ಕೋಣೆಯಲ್ಲಿ ಗೇಣಗಲ ಕಿಂಡಿ ತೆರೆದಿಡಬೇಕೆಂದು ಹೋದ ಮನೆಗಳಲ್ಲೆಲ್ಲ ಹಟ ಹಿಡಿದೆ. ಎದುರಿಗೆ ಹ್ಞೂಂ ಎಂದು, ನಾನು ಹೊರಟ ಕೂಡಲೇ ಅರಿವೆ ತುರುಕಿದವರೇ ಹೆಚ್ಚು. ಅವರ ಮೇಲೆ ಸಿಟ್ಟು ಬರುತ್ತಿರಲಿಲ್ಲ. ಕೂಸಿನ ಮೇಲೆ ಜೀವವಿಟ್ಟವರು ಗಾಳಿ ಸೋಕಬಾರದೆಂಬ ನಮ್ಮ ಒಂದು ಮಾತನ್ನು ತುದಿಮುಟ್ಟ ಪಾಲಿಸುತ್ತಾರೆ. ಆದ್ದರಿಂದ ಏನು ಮಾಡಬೇಕೆಂದು ಹೇಳುವವರು, ಅದನ್ನು ಎಲ್ಲಿಗೆ ನಿಲ್ಲಿಸಬೇಕೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ನಾನು ಅದನ್ನು ಹೇಳಿದ್ದು ಒಂದು ವಾರ ತಡವಾಗಿ.