ದಿವಾನರ ಮನೆಗೆ ಬಂದ ಬೀಗರು

ಮೊನ್ನೆ ಹುಮನಾಬಾದಿನಲ್ಲಿ ಸೋದರಮಾವನ ಜೊತೆ ಬಸ್ಸಿಗೆ ಕಾಯುತ್ತಿದ್ದಾಗ ಎಲ್ಲಿಂದಲೋ ಹೊಸ ಪಾಲಿಶಿನ ವಾಸನೆ ಬಂದು ನನಗೆ ನಗು ತಡೆಯಲಾಗಲಿಲ್ಲ. ಪಕ್ಕದವರು ಸರಿದು ನಿಂತರು. ನಿಮಗಾದರೂ ಕಾರಣ ಹೇಳಬೇಕು.

ಬಸವಕಲ್ಯಾಣದ ಈ ಮಾವನ ಮನೆತನದ ಅಡ್ಡಹೆಸರು ದಿವಾನ. ಪಾರಸಿಯ ಈ ಶಬ್ದಕ್ಕೆ ಮೊದಲು ಲೆಕ್ಕದ ದಫ್ತರವೆಂದು ಅರ್ಥವಿತ್ತಂತೆ. ಆಮೇಲೆ ಕಚೇರಿ, ಕಚೇರಿಯ ಮಂತ್ರಿ, ಕೊನೆಗೆ ಅಲ್ಲಿ ಕೂರುವ ಮೆತ್ತೆಯ ಆಸನ. ತುದಿ ಎಳೆದು ದಿವಾನಾ ಎಂದರೆ ಹುಚ್ಚ. ಮಾವ ಮಂತ್ರಿಯನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಕೈಬಿಟ್ಟಿದ್ದರು. "ನಮ್ಮ ಮುತ್ತ್ಯಾ ಮಂತ್ರಿ ಇದ್ದ" ಎಂದು ಅಜ್ಜನ ದೊಡ್ಡಸ್ತಿಕೆಯನ್ನು ಹಾಲು ಹಾಕುವವನಿಗೂ ಹೇಳುತ್ತಿದ್ದರು.

ಅವರ ಮಗಳು ಶೋಭಾಳನ್ನು ನೋಡಲು ಚಿಟಗುಪ್ಪದ ಫೌಜದಾರ ಮನೆತನದವರು ಹೊರಟರು. ಊಟದ ಹೊತ್ತು ಮೀರಿದರೂ ಪತ್ತೆಯಿಲ್ಲ. ಫೋನ್ ಮಾಡಿದರೆ ಹುಡುಗನ ತಂದೆ, "ನಿಮ್ಮ ಮನ್ಯಾಗೇ ಕುಂತೇವ್ರಿ, ಚಹಾನೂ ಆತು" ಎಂದರು. ಮಾವ ಕೋಣೆ ಕೋಣೆ ಹುಡುಕಿದರು. ನಾನು ಮಂಚದ ಕೆಳಗೂ ಬಗ್ಗಿ ನೋಡಿದೆ.

ಮತ್ತೆ ಫೋನ್ ಮಾಡಿ ಕೇಳಿದಾಗ ಗೊತ್ತಾಯಿತು: ದಿವಾನ್ ಎಂದದ್ದಕ್ಕೆ ಆಟೋದವನು ಅವರನ್ನು ಫರ್ನಿಚರ್ ಅಂಗಡಿಯಲ್ಲಿ ಇಳಿಸಿದ್ದ! ಶೋಭಾಳೂ ಸೇರಿ ಎಲ್ಲರೂ ಓಡಿದೆವು. ಗಿರಾಕಿಗಳೆಂದು ನಂಬಿದ ಅಂಗಡಿಯವನು ಅವರನ್ನು ಪಾಲಿಶಿನ ವಾಸನೆ ಆರದ ಹೊಸ ದಿವಾನಗಳ ಮೇಲೆ ಸಾಲಾಗಿ ಕೂರಿಸಿ ಉಪಚರಿಸುತ್ತಿದ್ದ. ಮಾವ ಏದುಸಿರಿನಲ್ಲಿ ಹೆಸರಿನ ತುದಿ ಎಳೆದುಬಿಟ್ಟರು: "ನಾನರಿ ದಿವಾನಾ!"

"ಅದು ಕಾಣಾಕತ್ತದರಿ. ಕೂಡ್ರಿ, ನೀರು ಕುಡೀರಿ" ಎಂದ ಅಂಗಡಿಯವನು ಹಿಂದೆ ಸರಿಯುತ್ತ.

ಹುಡುಗನ ತಂದೆ ಮಾತ್ರ ನಗಲಿಲ್ಲ. "ನಿಮ್ಮ ಹಿರ್ಯಾರು ಖರೇನೇ ಮಂತ್ರಿ ಇದ್ರೇನ್ರಿ?"

ಮಾವ ಬಾಯಿ ತೆರೆಯುವ ಮೊದಲೇ ಶೋಭಾ, "ಇಲ್ರಿ. ಮಂತ್ರಿ ಕಚೇರ್ಯಾಗ ಗಾದಿ ಹಾಸ್ತಿದ್ರು. ನಮ್ಮ ಅಜ್ಜಿ ಹೇಳ್ಯಾಳ" ಎಂದಳು.

ಮಾವನ ಮುಖ ಬಿಳುಚಿತು. ಸಂಬಂಧ ಮುರಿಯಿತೆಂದು ನಾನು ಬಾಗಿಲು ನೋಡಿದೆ. ಹುಡುಗನ ತಂದೆ ಮಾವನನ್ನು ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ನಮ್ಮ ಮುತ್ತ್ಯಾ ಫೌಜದಾರನ ಕುದುರಿ ತೊಳೀತಿದ್ದ. ಯಾರಿಗೂ ಹೇಳಬ್ಯಾಡ್ರಿ. ಜೋಡಿ ಬರೊಬ್ಬರಿ ಆತು."

ಹುಡುಗ ಅಂದೇ ಒಪ್ಪಿದ. ಶೋಭಾ ಒಂದು ದಿನ ಯೋಚಿಸಿ ಒಪ್ಪಿದಳು. ಮಾವ ಮಗಳೊಂದಿಗೆ ಮಾತು ಬಿಟ್ಟವರು ಮದುವೆಯ ಬೆಳಿಗ್ಗೆ ಯಾರಿಗೂ ಹೇಳದೆ ಮಂಟಪಕ್ಕೆ ಬಂದು, ಬೀಗರು ಕೂರುವ ಗಾದಿಗಳನ್ನು ತಾವೇ ಹಾಸಿದರು. ನಾನು ಕೈಹಾಕಿದರೆ, "ನಿನಗ ಬರಂಗಿಲ್ಲ, ಬಿಡು" ಎಂದರು.

ಮೊನ್ನೆಯೂ ಅಷ್ಟೇ. ನಿಲ್ದಾಣದ ಚಹಾ ಅಂಗಡಿಯ ಟಿವಿಯಲ್ಲಿ ಹೊಸ ಮಂತ್ರಿಯೊಬ್ಬರು ಹಾರ ಹಾಕಿಸಿಕೊಳ್ಳುತ್ತಿದ್ದರು. ಜನರೆಲ್ಲ ಅವರನ್ನೇ ನೋಡುತ್ತಿದ್ದರೆ, ಮಾವನ ಕಣ್ಣು ಹಿಂದೆ ನಿಂತು ಕುರ್ಚಿಗೆ ಬಿಳಿ ಟವೆಲ್ ಹೊದಿಸುತ್ತಿದ್ದವನ ಮೇಲಿತ್ತು.

"ಎಡಕ್ಕ ಒಂದೀಟು ಸುಕ್ಕ ಅದ ನೋಡು" ಎಂದರು.